ಚಳಿಗೆ ಜಗ್ಗದ ಪಾಮ್‌ಗಳು: ಬೀಜದಿಂದ ಸಸಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಾಮ್ ಬೀಜ ಹಾಕಿದವರೆಲ್ಲ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಾರೆ: "ಎರಡು ತಿಂಗಳಾಯಿತು, ಏನೂ ಬಂದಿಲ್ಲ, ಎಸೆದುಬಿಡಲಾ?" ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಸೆಯಬೇಡಿ. ಮಿಕ್ಕ ಪ್ರಶ್ನೆಗಳಿಗೆ ಉತ್ತರ ಕೆಳಗಿದೆ.

ಚಳಿ ತಡೆಯುವ ಪಾಮ್ ಅಂತಲೂ ಇದೆಯಾ?

ಇದೆ. ಪಾಮ್ ಅಂದ ತಕ್ಷಣ ತೆಂಗು, ಕಡಲತೀರ, ಸೆಕೆ ನೆನಪಾಗುತ್ತದೆ, ಅಲ್ವಾ? ಸುಮಾರು 2,600 ಜಾತಿಗಳ ಈ ದೊಡ್ಡ ಕುಟುಂಬದಲ್ಲಿ ಹೆಚ್ಚಿನವು ಬೆಚ್ಚನೆಯ ಸೀಮೆಯವೇ. ಆದರೆ ಕೆಲವು ಹಿಮ ಬೀಳುವ ಜಾಗದಲ್ಲೂ ಬದುಕುತ್ತವೆ.

ಎಲ್ಲಕ್ಕಿಂತ ಗಟ್ಟಿ ಜೀವ ನೀಡಲ್ ಪಾಮ್. ಅಮೆರಿಕದ ಆಗ್ನೇಯ ಭಾಗದ ಗಿಡ. ಬುಡದ ತುಂಬ ಸೂಜಿಯಂಥ ಮುಳ್ಳು. ಬಲಿತ ಗಿಡ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತದೆ. ಅದೇ ಕಡೆಯ ಸಬಾಲ್ ಮೈನರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಗಟ್ಟಿ. ಮೂರನೆಯದು ವಿಂಡ್‌ಮಿಲ್ ಪಾಮ್, ಅಂದರೆ ಟ್ರ್ಯಾಕಿಕಾರ್ಪಸ್ ಫಾರ್ಚ್ಯುನೈ. ಚೀನಾದಲ್ಲಿ ಗಿಡ ಹುಡುಕುತ್ತಾ ಅಲೆದ ರಾಬರ್ಟ್ ಫಾರ್ಚೂನ್ 1840ರ ದಶಕದಲ್ಲಿ ಅದನ್ನು ಬ್ರಿಟನ್ನಿಗೆ ಕಳಿಸಿದ. ಅವನ ಹೆಸರೇ ಗಿಡಕ್ಕೂ ಅಂಟಿಕೊಂಡಿತು. ಇದು ಮೈನಸ್ 15ರ ಆಸುಪಾಸಿನವರೆಗೆ ತಾಳಿಕೊಳ್ಳುತ್ತದೆ. ಸ್ಪೇನ್, ಇಟಲಿ ಕಡೆ ಕಾಡುಗಿಡವಾಗಿಯೇ ಬೆಳೆಯುವ ಮೆಡಿಟರೇನಿಯನ್ ಫ್ಯಾನ್ ಪಾಮ್, ಚಿಲಿ ದೇಶದ ಜುಬಿಯಾ, ದಕ್ಷಿಣ ಅಮೆರಿಕದ ಬ್ಯೂಟಿಯಾ, ಈ ಮೂರೂ ಮೈನಸ್ 10ರ ಹತ್ತಿರದವು.

ಒಂದು ಮಾತು ನೆನಪಿರಲಿ. ಇವೆಲ್ಲ ನೆಲದಲ್ಲಿ ಬೇರೂರಿ ಬಲಿತ ಗಿಡದ ಲೆಕ್ಕ. ಒಂದೆರಡು ರಾತ್ರಿಯ ಒಣ ಚಳಿಯ ಲೆಕ್ಕ. ಎರಡು ಎಲೆಯ ಸಸಿಗೆ ಇದು ಅನ್ವಯಿಸುವುದಿಲ್ಲ.

ಮೊದಲ ಸಲ ಬೆಳೆಸುತ್ತಿದ್ದೇನೆ. ಯಾವುದರಿಂದ ಶುರು ಮಾಡಲಿ?

ವಾಷಿಂಗ್ಟೋನಿಯಾ ಮತ್ತು ವಿಂಡ್‌ಮಿಲ್ ಪಾಮ್, ಎರಡನ್ನೂ ಒಟ್ಟಿಗೆ. ವಾಷಿಂಗ್ಟೋನಿಯಾ ಕೂಡ ಬೀಸಣಿಗೆ ಎಲೆಯ ಒಂದು ಪಾಮ್, ಚಳಿಯಲ್ಲಿ ಮಹಾ ಶೂರನೇನಲ್ಲ. ಮೈನಸ್ 8ರ ಆಚೆ ಅದನ್ನು ನಂಬುವ ಹಾಗಿಲ್ಲ. ಆದರೆ ಬೆಚ್ಚಗಿಟ್ಟರೆ ಎರಡರಿಂದ ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಮೊದಲ ಸಲ ಒಂದಾದರೂ ಗೆಲುವು ಕೈಗೆ ಸಿಗಬೇಕು. ಆ ಖುಷಿಯಲ್ಲಿ ವಿಂಡ್‌ಮಿಲ್‌ಗೆ ಕಾಯುವುದು ಸುಲಭ.

ಜುಬಿಯಾ, ಬ್ಯೂಟಿಯಾ, ನೀಡಲ್ ಪಾಮ್ ಮೂರನ್ನೂ ಮೊದಲ ವರ್ಷ ಮುಟ್ಟಬೇಡಿ. ಹಾಕಿ ಮರೆತುಬಿಡುವ ಸ್ವಭಾವ ನಿಮ್ಮದಾಗಿದ್ದರೆ ಮಾತು ಬೇರೆ.

ಬೀಜ ತಾಜಾ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಹತ್ತು ಬೀಜ ಇದ್ದರೆ ಒಂದನ್ನು ಬಲಿ ಕೊಡಿ. ಇಕ್ಕಳದಲ್ಲಿ ಹಿಡಿದು ಒಡೆಯಿರಿ. ಒಳಗೆ ಗಟ್ಟಿಯಾಗಿ, ಬೆಳ್ಳಗೆ ಅಥವಾ ತಿಳಿ ಬೂದು ಬಣ್ಣದಲ್ಲಿ ತುಂಬಿಕೊಂಡಿರಬೇಕು. ಒಂದು ಬದಿಯಲ್ಲಿ ಚಿಕ್ಕ ಮೊಳೆಯಂಥ ಕೆನೆ ಬಣ್ಣದ ಭ್ರೂಣ ಕಾಣಬೇಕು. ಅದು ಕಂದಾಗಿ ಮುದುಡಿದ್ದರೆ ಬೀಜ ಸತ್ತಿದೆ. ಮುಗ್ಗಲು ವಾಸನೆ ಬಂದರೂ ಅಷ್ಟೇ.

ನೀರಿಗೆ ಹಾಕಿ ತೇಲಿದ್ದನ್ನೆಲ್ಲ ಜೊಳ್ಳು ಅಂತ ಎಸೆಯುವವರಿದ್ದಾರೆ. ನನಗೆ ಈ ಪರೀಕ್ಷೆಯ ಮೇಲೆ ನಂಬಿಕೆ ಇಲ್ಲ. ಒಣಗಿದ ಒಳ್ಳೆಯ ಬೀಜವೂ ಮೊದಲ ದಿನ ತೇಲಬಹುದು. ಕೊಳೆತ ಬೀಜ ಹಾಯಾಗಿ ಮುಳುಗಬಹುದು. ತೇಲಿದ್ದನ್ನು ಬೇರೆ ಚೀಲಕ್ಕೆ ಹಾಕಿ ಇಡಿ, ಸಾಕು.

ವಿಂಡ್‌ಮಿಲ್ ಪಾಮ್ ಬೀಜ ಒಣಗಿದರೆ ಜೀವ ಕಳೆದುಕೊಳ್ಳುತ್ತದೆ. ಉತ್ತರಾರ್ಧಗೋಳದಲ್ಲಿ ಅದರ ಹಣ್ಣು ಮಾಗುವುದು ಚಳಿಗಾಲದ ಹೊತ್ತಿಗೆ. ಹಾಗಾಗಿ ಚಳಿಗಾಲದಿಂದ ವಸಂತದೊಳಗೆ ಸಿಕ್ಕ ಬೀಜವೇ ಒಳ್ಳೆಯದು. ಬೇಸಿಗೆಯ ಕೊನೆಯಲ್ಲಿ ಬಂದ ಪೊಟ್ಟಣವನ್ನು ಅನುಮಾನದಿಂದಲೇ ನೋಡಿ. ಹೆಸರಿನ ಬಗ್ಗೆಯೂ ಹುಷಾರು. ಹಿಮಾಲಯದ ಕುಮಾವೂನ್ ಕಡೆಯ ಟ್ರ್ಯಾಕಿಕಾರ್ಪಸ್ ಟಾಕಿಲ್ (ವಿಂಡ್‌ಮಿಲ್ ಪಾಮ್‌ನ ಹತ್ತಿರದ ನೆಂಟ) ಅಂತ ಮಾರುವ ಪೊಟ್ಟಣದಲ್ಲಿ ಎಷ್ಟೋ ಸಲ ಮಾಮೂಲಿ ವಿಂಡ್‌ಮಿಲ್, ಅಂದರೆ ಫಾರ್ಚ್ಯುನೈ, ಇರುತ್ತದೆ. ಸಸಿ ಇದ್ದಾಗ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ತಿಂದು ಎಸೆದ ಖರ್ಜೂರದ ಬೀಜ ಮೊಳೆಯುತ್ತದೆಯಾ?

ಧಾರಾಳವಾಗಿ. ಖರ್ಜೂರ ಒಣ ಸೀಮೆಯ ಮರ. ಅದರ ಬೀಜ ಒಣಗಿದರೂ ಸಾಯುವುದಿಲ್ಲ. ಇಸ್ರೇಲಿನ ಮಸಾಡಾ ಕೋಟೆಯ ಅವಶೇಷಗಳಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತಿತ್ತು. ಅದಕ್ಕೆ ಮೆಥೂಸೆಲಾ ಅಂತ ಹೆಸರಿಟ್ಟರು. ಇದನ್ನು ಓದಿ ಡ್ರಾಯರ್‌ನಲ್ಲಿ ಮೂರು ವರ್ಷದಿಂದ ಬಿದ್ದ ವಿಂಡ್‌ಮಿಲ್ ಬೀಜದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಅದು ಆ ಜಾತಿಯದಲ್ಲ.

ಸಕ್ಕರೆ ಪಾಕದಲ್ಲಿ ಬೇಯಿಸಿದ ಖರ್ಜೂರದ ಬೀಜವೂ ಬರುವುದಿಲ್ಲ.

ಹಣ್ಣಿನ ತಿರುಳು ತೆಗೆಯಲೇಬೇಕಾ?

ತೆಗೆಯಲೇಬೇಕು. ತಿರುಳು ಮೊಳಕೆಯನ್ನು ತಡೆಯುತ್ತದೆ, ಬೂಷ್ಟನ್ನು ಕರೆತರುತ್ತದೆ. ಎರಡು ಮೂರು ದಿನ ನೀರಿನಲ್ಲಿಟ್ಟು ಮೆತ್ತಗಾದ ಮೇಲೆ ಒರಟು ಜಾಲರಿಗೆ ಉಜ್ಜಿದರೆ ಬಿಡುತ್ತದೆ. ಗ್ಲವ್ಸ್ ಹಾಕಿಕೊಳ್ಳಿ. ಕೆಲವು ಪಾಮ್ ಹಣ್ಣಿನ ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಬರಿಗೈಯಲ್ಲಿ ಮುಟ್ಟಿದರೆ ರಾತ್ರಿಯಿಡೀ ತುರಿಕೆ.

ಎಷ್ಟು ದಿನ ನೆನೆಸಬೇಕು?

ವಾಷಿಂಗ್ಟೋನಿಯಾಗೆ ಒಂದು ದಿನ. ವಿಂಡ್‌ಮಿಲ್, ಸಬಾಲ್, ಫ್ಯಾನ್ ಪಾಮ್‌ಗೆ ಎರಡು ಮೂರು ದಿನ. ಗಟ್ಟಿ ಕರಟದ ಜುಬಿಯಾ, ಬ್ಯೂಟಿಯಾಗೆ ಒಂದು ವಾರ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಗಬ್ಬು ನಾರುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಕುದಿಯುವ ನೀರು ಸುರಿಯುವುದು ಬೇರೆ ಯಾವುದೋ ಬೀಜದ ವಿದ್ಯೆ, ಇಲ್ಲಿ ಬೇಡ.

ಉಪ್ಪುಕಾಗದದಲ್ಲಿ ಉಜ್ಜಿದರೆ, ಕರಟ ಒಡೆದರೆ ಬೇಗ ಬರುತ್ತದಂತೆ?

ಬರಬಹುದು. ಬೇಗ ಕೊಳೆಯಲೂಬಹುದು. ಬೀಜದ ಸಿಪ್ಪೆ ಇರುವುದೇ ಬೂಷ್ಟಿನಿಂದ ಕಾಪಾಡಲು. ಬ್ಯೂಟಿಯಾ ಕರಟವನ್ನು ವೈಸ್‌ನಲ್ಲಿ ಒತ್ತಿ ಒಡೆದು ಒಳಗಿನ ಬೀಜ ಮಾತ್ರ ಹಾಕುವ ನುರಿತವರಿದ್ದಾರೆ. ಒಂದು ಕರಟದಲ್ಲಿ ಒಂದರಿಂದ ಮೂರು ಬೀಜ ಇರುತ್ತದೆ. ನಾನು ಪ್ರಯತ್ನಿಸಿ ಆರರಲ್ಲಿ ನಾಲ್ಕು ಬೀಜ ಜಜ್ಜಿ ಹಾಕಿದೆ. ಆಮೇಲೆ ಆ ಗೊಡವೆಗೇ ಹೋಗಿಲ್ಲ.

ಜಿಬ್ಬರೆಲಿಕ್ ಆಮ್ಲದಲ್ಲಿ (ಗಿಡದ ಬೆಳವಣಿಗೆಯ ಹಾರ್ಮೋನು) ನೆನೆಸುವುದೂ ಬೇಡ. ಮೊಳಕೆ ಬೇಗ ಬಂದರೂ ಸಸಿ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡು ನೆಟ್ಟಗೆ ನಿಲ್ಲುವುದೇ ಇಲ್ಲ.

ಕುಂಡದಲ್ಲಿ ಹಾಕಲಾ, ಪ್ಲಾಸ್ಟಿಕ್ ಚೀಲದಲ್ಲಾ?

ಚೀಲ. ಜಿಪ್ ಇರುವ ಪಾರದರ್ಶಕ ಚೀಲಕ್ಕೆ ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜ) ತುಂಬಿ ಬೀಜ ಸೇರಿಸಿ ಮುಚ್ಚಿ. ಜಾಗ ಕಡಿಮೆ ಸಾಕು, ನೀರು ಆರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೆದಕದೆಯೇ ಒಳಗೆ ನೋಡಬಹುದು. ಬೆಳಕು ಬೇಕಿಲ್ಲ. ನೇರ ಬಿಸಿಲಿಗಂತೂ ಇಡಲೇಬೇಡಿ, ಚೀಲದೊಳಗೆ ಬೀಜ ಬೆಂದೇಹೋಗುತ್ತದೆ.

ಒದ್ದೆ ಅಂದರೆ ಎಷ್ಟು? ಕೋಕೋಪೀಟನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ನೀರು ತೊಟ್ಟಿಕ್ಕಬಾರದು. ಕೈ ಬಿಚ್ಚಿದಾಗ ಉಂಡೆ ಹಾಗೇ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಚೀಲದ ತಳದಲ್ಲಿ ನೀರು ನಿಂತಿದ್ದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಚೀಲದ ಮೇಲೆ ಹೆಸರು, ದಿನಾಂಕ ಬರೆಯಿರಿ. "ನೆನಪಿರುತ್ತದೆ ಬಿಡು" ಅನ್ನಿಸುತ್ತದೆ. ಇರುವುದಿಲ್ಲ.

ಎಷ್ಟು ಬೆಚ್ಚಗಿರಬೇಕು?

ಎಲ್ಲ ಪಾಮ್‌ಗೂ 30 ಡಿಗ್ರಿ ಬೇಕು ಅನ್ನುವುದು ಅರ್ಧ ಸತ್ಯ. ವಾಷಿಂಗ್ಟೋನಿಯಾ, ಖರ್ಜೂರ, ಸಬಾಲ್‌ಗೆ 25ರಿಂದ 30 ಹಿತ. ಬ್ಯೂಟಿಯಾಗೆ ಇನ್ನೂ ಜಾಸ್ತಿ, 35ರವರೆಗೂ ಖುಷಿಯೇ. ವಿಂಡ್‌ಮಿಲ್ ಮಾತ್ರ ತಂಪಿನ ಗಿರಾಕಿ. 20ರಿಂದ 25ರ ಒಳಗೇ ಚೆನ್ನಾಗಿ ಬರುತ್ತದೆ. ಅದನ್ನು ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಮೇಲೆ ಇಟ್ಟು ಕಾಯಿಸಿ ಕೆಡಿಸಿದವರೇ ಹೆಚ್ಚು. ಜುಬಿಯಾಗೆ ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಹೀಗೆ ಏರಿಳಿತ ಇದ್ದರೆ ಒಳ್ಳೆಯದು. ಹೀಟ್ ಮ್ಯಾಟ್ ಬಳಸುವವರು ಥರ್ಮಾಮೀಟರನ್ನು ಚೀಲದ ಪಕ್ಕದಲ್ಲಲ್ಲ, ಒಳಗೇ ಇಟ್ಟು ನೋಡಿ.

ಎಷ್ಟು ದಿನ ಕಾಯಬೇಕು?

ವಿಂಡ್‌ಮಿಲ್‌ಗೆ ಒಂದರಿಂದ ಮೂರು ತಿಂಗಳು. ಮೆಡಿಟರೇನಿಯನ್ ಫ್ಯಾನ್ ಪಾಮ್ ಎರಡು ಮೂರು ತಿಂಗಳು. ಸಬಾಲ್ ಮೈನರ್ ಒಂದರಿಂದ ನಾಲ್ಕು. ಬ್ಯೂಟಿಯಾ, ಜುಬಿಯಾ ಮೂರು ತಿಂಗಳಿಗೂ ಬರಬಹುದು, ವರ್ಷ ದಾಟಲೂಬಹುದು. ನೀಡಲ್ ಪಾಮ್‌ಗೆ ಆರು ತಿಂಗಳಿಂದ ಎರಡು ವರ್ಷ. ಎಲ್ಲ ಬೀಜವೂ ಒಟ್ಟಿಗೆ ಏಳುವುದಿಲ್ಲ. ಇವತ್ತೊಂದು, ಮುಂದಿನ ತಿಂಗಳು ಎರಡು, ಆಮೇಲೆ ಸದ್ದೇ ಇಲ್ಲ, ಹೀಗೆ. ತಾಳಿದವನು ಬಾಳಿಯಾನು ಅನ್ನುತ್ತಾರಲ್ಲ, ತಾಳೆ ಜಾತಿಯ ಗಿಡ ಬೆಳೆಸುವವರಿಗೆ ತಾಳದೆ ಬೇರೆ ದಾರಿಯೂ ಇಲ್ಲ.

ನನ್ನ ಕತೆ ಕೇಳಿ. ಹನ್ನೆರಡು ನೀಡಲ್ ಪಾಮ್ ಬೀಜ ಹಾಕಿ ಒಂಬತ್ತು ತಿಂಗಳು ಕಾದೆ. ಏನೂ ಇಲ್ಲ. ಬೇಸರ ಬಂದು ಆ ಕೋಕೋಪೀಟನ್ನು ಬೀಜದ ಸಮೇತ ಒಂದು ದೊಡ್ಡ ಹೂಕುಂಡಕ್ಕೆ ಸುರಿದೆ. ಮುಂದಿನ ಬೇಸಿಗೆ ಆ ಕುಂಡದಲ್ಲಿ ಎರಡು ಎಸಳು ಹುಲ್ಲು ಎದ್ದಿತ್ತು. ಕಳೆ ಅಂತ ಒಂದನ್ನು ಕಿತ್ತೆ. ಹುಲ್ಲಿಗಿಂತ ಸ್ವಲ್ಪ ಬಿಗಿಯಾಗಿ ಬಂತು. ನೋಡಿದರೆ ಬುಡದಲ್ಲಿ ಬೀಜ ನೇತಾಡುತ್ತಿದೆ! ಇನ್ನೊಂದು ಎಸಳು ಈಗಲೂ ಇದೆ. ಅದೀಗ ಮುಳ್ಳು ಬಿಟ್ಟು, ನೀರು ಹಾಕಲು ಹೋದಾಗಲೆಲ್ಲ ಕೈಗೆ ಚುಚ್ಚುತ್ತದೆ.

ಬೀಜದ ಮೇಲೆ ಬಿಳಿ ಬೂಷ್ಟು ಬಂದಿದೆ. ಹೋಯಿತಾ?

ಬಹಳ ಸಲ ಅದು ಸಿಪ್ಪೆಗೆ ಅಂಟಿದ ತಿರುಳನ್ನು ತಿನ್ನುತ್ತಿರುತ್ತದೆ, ಬೀಜವನ್ನಲ್ಲ. ತೊಳೆದು, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹತ್ತು ನಿಮಿಷ ಅದ್ದಿ, ಹೊಸ ಕೋಕೋಪೀಟಿಗೆ ಹಾಕಿ. ಒತ್ತಿದರೆ ಮೆತ್ತಗಾಗುವ ಬೀಜ ಮಾತ್ರ ಎಸೆಯಿರಿ.

ಬೀಜದಿಂದ ಬಿಳಿ ಬೇರು ಬಂದು ವಾರಗಳಾಯಿತು. ಎಲೆ ಯಾಕೆ ಬರುತ್ತಿಲ್ಲ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಯಾಕೆಂದರೆ ಅದು ಬೇರಲ್ಲ.

ಖರ್ಜೂರ, ವಿಂಡ್‌ಮಿಲ್, ವಾಷಿಂಗ್ಟೋನಿಯಾ ಮೊದಲಾದವು ಬೀಜದ ಪಕ್ಕದಲ್ಲೇ ಮೊಳಕೆ ಎತ್ತುವುದಿಲ್ಲ. ಬೀಜದೆಲೆಯ ತೊಟ್ಟು ಒಂದು ಕೊಳವೆಯಂತೆ ಉದ್ದವಾಗಿ ಮಣ್ಣಿಗೆ ಇಳಿಯುತ್ತದೆ. ಅದರ ತುದಿಯಲ್ಲಿ ಪುಟಾಣಿ ಸಸಿ ಕೂತಿರುತ್ತದೆ. ಲಿಫ್ಟಿನಲ್ಲಿ ನೆಲಮಾಳಿಗೆಗೆ ಇಳಿದ ಹಾಗೆ. ಸಾಕಷ್ಟು ಆಳ ತಲುಪಿದ ಮೇಲೆ ಅಲ್ಲಿಂದ ನಿಜವಾದ ಬೇರು ಕೆಳಕ್ಕೆ, ಎಲೆ ಮೇಲಕ್ಕೆ ಹೊರಡುತ್ತವೆ. ಮೇಲ್ಮಣ್ಣು ಒಣಗಿದರೂ, ಮೇಲಿನ ಹುಲ್ಲು ಸುಟ್ಟರೂ ಬೆಳೆಯುವ ತುದಿ ಆಳದಲ್ಲಿ ಭದ್ರ.

ಒಮ್ಮೆ ಇದನ್ನು ನೋಡಲೆಂದೇ ಖರ್ಜೂರದ ಬೀಜವನ್ನು ಪಾರದರ್ಶಕ ಡಬ್ಬಿಯ ಗೋಡೆಗೆ ಒತ್ತಿ ಹಾಕಿದ್ದೆ. ಬೀಜದ ಬೆನ್ನಿನ ಮೇಲೆ ಒಂದು ಚಿಕ್ಕ ದುಂಡು ಚುಕ್ಕೆ ಇರುತ್ತದೆ. ಮೂರನೇ ವಾರ ಅಲ್ಲಿಂದ ಮುಚ್ಚಳ ಎದ್ದು, ಸೀಮೆಸುಣ್ಣದ ತುಂಡಿನಂಥದ್ದು ಇಣುಕಿತು. ಅದು ದಿನಕ್ಕಿಷ್ಟಿಷ್ಟು ಗೋಡೆಗುಂಟ ಇಳಿಯಿತು. ಒಂದು ಬೆರಳುದ್ದ ಇಳಿದ ಮೇಲೆ ಅದರ ಒಂದು ಜಾಗ ಉಬ್ಬಿತು. ಅಲ್ಲೇ ಬದಿಯಲ್ಲಿ ಸಣ್ಣ ಸೀಳು ಬಿಟ್ಟು, ತಿಳಿ ಹಸಿರು ಮೊನೆಯೊಂದು ವಾಪಸ್ಸು ಮೇಲಕ್ಕೆ ತಿರುಗಿತು. ಬೀಜ ಮೇಲೇ ಉಳಿದಿತ್ತು, ಎಲೆ ಅದರಿಂದ ಎರಡು ಬೆರಳು ದೂರದಲ್ಲಿ ಎದ್ದಿತು.

ಹಾಗಿದ್ದರೆ ಎಲೆ ಬಂದ ಮೇಲೆ ಬೀಜ ಕಿತ್ತುಬಿಡಬಹುದಾ?

ಬೇಡ. ಮೊಳೆತ ತೆಂಗಿನಕಾಯಿ ಒಡೆದರೆ ಒಳಗೆ ಸ್ಪಂಜಿನಂಥ ಬಿಳಿ ಉಂಡೆ ಇರುತ್ತದಲ್ಲ, ಎಲ್ಲ ಪಾಮ್ ಬೀಜದೊಳಗೂ ಅಂಥದ್ದೇ ಒಂದು ಅಂಗ ಇರುತ್ತದೆ. ಅದು ಕೊಬ್ಬರಿಯನ್ನು ಕರಗಿಸಿ ಸಸಿಗೆ ಉಣಿಸುತ್ತಿರುತ್ತದೆ. ಊಟ ಮುಗಿದಾಗ ಬೀಜ ತಾನಾಗಿಯೇ ಕಳಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು.

ಚೀಲದಿಂದ ಕುಂಡಕ್ಕೆ ಯಾವಾಗ? ಎಂಥ ಕುಂಡ?

ಬಿಳಿ ಮೊನೆ ಎರಡು ಮೂರು ಸೆಂಟಿಮೀಟರ್ ಆದಾಗಲೇ ವರ್ಗಾಯಿಸಿ. ಚೀಲದಲ್ಲಿ ಸುತ್ತಿಕೊಂಡರೆ ಬಿಡಿಸುವಾಗ ಮುರಿಯುತ್ತದೆ, ಮುರಿದರೆ ಆ ಸಸಿ ಮುಗಿಯಿತು. ಕುಂಡ ಅಗಲಕ್ಕಿಂತ ಆಳ ಇರಲಿ, ಕನಿಷ್ಠ 15 ಸೆಂಟಿಮೀಟರ್. ಖರ್ಜೂರ, ಜುಬಿಯಾಗೆ 25 ಆದರೂ ಜಾಸ್ತಿಯಲ್ಲ. ಕೋಕೋಪೀಟ್ ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಅಥವಾ ದಪ್ಪ ಮರಳು ಒಂದು ಪಾಲು ಬೆರೆಸಿ. ಬೀಜದ ಬೆನ್ನು ಮಣ್ಣಿನಿಂದ ಅರ್ಧ ಕಾಣುವಷ್ಟು ಮೇಲಿರಲಿ.

ಎಲೆ ಹುಲ್ಲಿನ ಹಾಗಿದೆ. ಬೇರೆ ಬೀಜ ಕೊಟ್ಟು ಮೋಸ ಮಾಡಿದರಾ?

ಇಲ್ಲ. ಬೀಸಣಿಗೆ ಎಲೆಯ ಪಾಮ್‌ಗಳ ಮೊದಲ ಎಲೆಗಳೆಲ್ಲ ಹೀಗೇ, ಉದ್ದ ಪಟ್ಟಿ. ವಿಂಡ್‌ಮಿಲ್‌ನಲ್ಲಿ ಎರಡನೇ ಅಥವಾ ಮೂರನೇ ವರ್ಷ ಎಲೆ ಸೀಳಲು ಶುರುವಾಗುತ್ತದೆ. ಮೊದಲು ತುದಿಯಲ್ಲಿ ಒಂದು ಸೀಳು, ಆಮೇಲೆ ಬೀಸಣಿಗೆ.

ನೀರು, ಬಿಸಿಲು, ಗೊಬ್ಬರ?

ಮೊದಲ ವರ್ಷ ಅರೆ ನೆರಳು. ನೀರು ಮೇಲ್ಮಣ್ಣು ಒಣಗಿದ ಮೇಲೆ. ಎರಡನೇ ಎಲೆ ಬರುವ ತನಕ ಗೊಬ್ಬರದ ಮಾತೇ ಬೇಡ, ಬೀಜದೊಳಗೆ ಬೇಕಾದಷ್ಟು ಇದೆ. ಆಮೇಲೆ ನಿಧಾನವಾಗಿ ಕರಗುವ ಗೊಬ್ಬರ ಕೊಡಿ. ಪೊಟ್ಯಾಷ್ ಮತ್ತು ಮೆಗ್ನೀಸಿಯಂ ಇರುವುದನ್ನು ನೋಡಿ ಆರಿಸಿ.

ಗಿಡವೇ ಮಾತಾಡುತ್ತದೆ. ಹಳೆಯ ಎಲೆಯಲ್ಲಿ ಹಳದಿ ಕಿತ್ತಳೆ ಚುಕ್ಕೆ ಬಂದರೆ ಪೊಟ್ಯಾಷ್ ಕೊರತೆ. ಹಳೆಯ ಎಲೆಯ ಅಂಚು ಮಾತ್ರ ಹಳದಿಯಾಗಿ ನಡು ಹಸಿರಿದ್ದರೆ ಮೆಗ್ನೀಸಿಯಂ. ಹೊಸ ಎಲೆಯೇ ಸುಟ್ಟ ಹಾಗೆ ಸುರುಟಿ ಬಂದರೆ ಮ್ಯಾಂಗನೀಸ್. ಹಳದಿಯಾದ ಹಳೆಯ ಎಲೆಯನ್ನು ಚೆಂದಕ್ಕೆ ಅಂತ ಕತ್ತರಿಸಬೇಡಿ. ಗಿಡ ಅದರಿಂದಲೇ ಪೊಟ್ಯಾಷ್ ಹೀರಿ ಹೊಸ ಎಲೆಗೆ ಕೊಡುತ್ತಿರುತ್ತದೆ.

ಎರಡು ವರ್ಷವಾದರೂ ಗಿಡ ಗೇಣುದ್ದವೇ ಇದೆ. ಏನು ತಪ್ಪು ಮಾಡಿದೆ?

ಏನೂ ಇಲ್ಲ. ಮಾವು, ಬೇವಿನ ಕಾಂಡ ವರ್ಷ ವರ್ಷ ದಪ್ಪವಾಗುತ್ತಾ ಹೋಗುತ್ತದೆ. ಪಾಮ್‌ಗೆ ಆ ಸೌಲಭ್ಯ ಇಲ್ಲ. ಕಾಂಡವನ್ನು ಹಾಗೆ ದಪ್ಪ ಮಾಡುವ ಪದರವೇ ಅದರಲ್ಲಿಲ್ಲ. ಹಾಗಾಗಿ ಮೊದಲು ನೆಲದ ಮಟ್ಟದಲ್ಲೇ ಕೂತು ಬುಡವನ್ನು ಪೂರ್ತಿ ಅಗಲ ಮಾಡಿಕೊಳ್ಳುತ್ತದೆ, ಆಮೇಲಷ್ಟೇ ಮೇಲಕ್ಕೆ ಏಳುತ್ತದೆ. ಪಾಯ ಮುಗಿಯದೆ ಗೋಡೆ ಏಳದ ಹಾಗೆ. ವಿಂಡ್‌ಮಿಲ್‌ಗೆ ಇದು ಐದಾರು ವರ್ಷದ ಕೆಲಸ. ಆನೆಕಾಲಿನಂಥ ಕಾಂಡದ ಜುಬಿಯಾಗೆ ಹತ್ತು ಹದಿನೈದು ವರ್ಷವೂ ಬೇಕು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ 1840ರ ದಶಕದ ಬೀಜದಿಂದ ಎದ್ದ ಜುಬಿಯಾ ಒಂದು ಗಾಜಿನ ಮನೆಯ ಚಾವಣಿ ಮುಟ್ಟಿತ್ತು. ಅದೂ ಒಂದು ಕಾಲದಲ್ಲಿ ಗೇಣುದ್ದವೇ ಇತ್ತು.

ಮೊದಲ ಚಳಿಗಾಲ ಹೇಗೆ ದಾಟಿಸುವುದು?

ಹಿಮ ಬೀಳುವ ಕಡೆ ಮೊದಲ ಮೂರು ವರ್ಷವಾದರೂ ಸಸಿ ಒಳಗಿರಲಿ. ಹೀಟರ್ ಪಕ್ಕ ಬೇಡ. 5ರಿಂದ 10 ಡಿಗ್ರಿಯ ಬೆಳಕಿನ ಕೋಣೆ ಸಾಕು. ನೀರು ತೀರಾ ಕಡಿಮೆ. ನಾನು ನೋಡಿದ ಮಟ್ಟಿಗೆ ಚಳಿಗೆ ಸತ್ತ ಪಾಮ್‌ಗಿಂತ ಚಳಿಯಲ್ಲಿ ನೀರು ಕುಡಿಸಿ ಕೊಂದ ಪಾಮ್ ಜಾಸ್ತಿ. ಕುಂಡದಲ್ಲಿ ಬೇರೂ ಹೆಪ್ಪುಗಟ್ಟುತ್ತದೆ ಅನ್ನುವುದನ್ನೂ ಮರೆಯಬೇಡಿ. ನೆಲದಲ್ಲಿರುವ ಬೇರಿಗೆ ಮಣ್ಣೇ ಕಂಬಳಿ.

ಸುಳಿ ಎಳೆದರೆ ಕೈಗೇ ಬಂತು! ಗಿಡ ಸತ್ತಿತಾ?

ಇನ್ನೂ ಗೊತ್ತಿಲ್ಲ. ಪಾಮ್‌ಗೆ ಬೆಳೆಯುವ ತುದಿ ಇರುವುದು ಸುಳಿಯ ಬುಡದಲ್ಲಿ. ನೀರು ಕೂತು, ಚಳಿ ಹೊಡೆದು, ಸುಳಿ ಕೊಳೆಯುತ್ತದೆ. ಕಿತ್ತು ಬಂದ ಸುಳಿಯ ಬುಡ ಮೂಸಿ ನೋಡಿ. ಹಳಸಿದ ವಾಸನೆ, ಕಂದು ಲೋಳೆ ಇರುತ್ತದೆ. ಆ ತೂತಿಗೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ, ನೊರೆ ಉಕ್ಕುತ್ತದೆ. ನೊರೆ ನಿಂತ ಮೇಲೆ ಓರೆ ಮಾಡಿ ಬಸಿಯಿರಿ. ತಾಮ್ರದ ಶಿಲೀಂಧ್ರನಾಶಕವನ್ನು ಒಂದೇ ಸಲ ಹಾಕಿ. ಪದೇ ಪದೇ ಹಾಕಿದರೆ ಅದೇ ವಿಷವಾಗುತ್ತದೆ. ಮಳೆ ಬೀಳದ ಹಾಗೆ ಮುಚ್ಚಿ, ಬೆಚ್ಚಗಿನ ದಿನಗಳು ಬರುವ ತನಕ ಕೈ ಹಾಕಬೇಡಿ. ಬೆಳೆಯುವ ತುದಿ ಉಳಿದಿದ್ದರೆ ಎರಡು ಮೂರು ತಿಂಗಳಲ್ಲಿ ಅರ್ಧ ಕತ್ತರಿಸಿದಂಥ ವಕ್ರ ಎಲೆಯೊಂದು ಮೇಲೆ ಬರುತ್ತದೆ. ನೋಡಲು ಕೆಟ್ಟದಾಗಿರುತ್ತದೆ, ಆದರೆ ಮುಂದಿನದು ನೆಟ್ಟಗಿರುತ್ತದೆ.

ನೆಲಕ್ಕೆ ಯಾವಾಗ ನೆಡಲಿ?

ಬೀಸಣಿಗೆ ಎಲೆ ನಾಲ್ಕಾರು ಬಂದ ಮೇಲೆ, ಚಳಿಗಾಲ ಕಳೆದು ಮಣ್ಣು ಬೆಚ್ಚಗಾದಾಗ. ಮುಂದಿನ ಚಳಿಯೊಳಗೆ ಬೇರೂರಲು ಒಂದಿಡೀ ಬೇಸಿಗೆ ಸಿಗಬೇಕು. ನೀರು ನಿಲ್ಲದ ಜಾಗ, ಗಾಳಿಗೆ ಗೋಡೆಯ ಮರೆ. ಕುಂಡದಲ್ಲಿದ್ದಷ್ಟೇ ಆಳಕ್ಕೆ ನೆಡಿ.

ಗಂಡೋ ಹೆಣ್ಣೋ ಸಸಿಯಲ್ಲೇ ತಿಳಿಯುತ್ತದೆಯಾ?

ಇಲ್ಲ. ವಿಂಡ್‌ಮಿಲ್, ಖರ್ಜೂರದಲ್ಲಿ ಗಂಡು ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆ. ಹೂ ಬಿಟ್ಟಾಗಲೇ ಗೊತ್ತಾಗುವುದು. ವಿಂಡ್‌ಮಿಲ್‌ನಲ್ಲಿ ಗಂಡು ಹೂ ಗಾಢ ಹಳದಿ, ಹೆಣ್ಣು ಹೂ ಹಸಿರು ಮಿಶ್ರಿತ. ಎರಡೂ ಹತ್ತಿರ ಇದ್ದರೆ ನೀಲಿಗಪ್ಪು ಹಣ್ಣು ಗೊಂಚಲು ಗೊಂಚಲಾಗಿ ಕಚ್ಚುತ್ತದೆ. ಹಕ್ಕಿಗಳು ಅದನ್ನು ಎಲ್ಲೆಲ್ಲೋ ಒಯ್ಯುತ್ತವೆ. ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿ ತೋಟದಿಂದ ಹೀಗೆ ತಪ್ಪಿಸಿಕೊಂಡ ವಿಂಡ್‌ಮಿಲ್ ಪಾಮ್ ಈಗ ಕಾಡನ್ನೇ ಹೊಕ್ಕಿದೆ. ಹಣ್ಣು ಮಾಗುವ ಮೊದಲೇ ಗೊಂಚಲು ಕತ್ತರಿಸಿ. ಬಿತ್ತನೆಗೆ ಬೇಕಿದ್ದರೆ ಒಂದೇ ಗೊಂಚಲು ಉಳಿಸಿ, ಅದಕ್ಕೆ ಬಲೆ ಚೀಲ ಕಟ್ಟಿ.